ಒಂದು ಗಡ್ಡ, ಐದು ಬ್ಲೇಡು

ಸೂಪರ್ ಮಾರ್ಕೆಟ್ಟಿನಲ್ಲಿ ಗೋಡಂಬಿ ಕೈಗೆಟುಕುವ ಹಾಗೆ ಇರುತ್ತದೆ, ತುಪ್ಪದ ಡಬ್ಬವೂ ಇರುತ್ತದೆ. ಗಡ್ಡ ಹೆರೆಯುವ ಕಾರ್ಟ್ರಿಡ್ಜ್ ಮಾತ್ರ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ, ಬೀಗ ಸಮೇತ. ಗರ್ಭಗುಡಿಯ ಮೂರ್ತಿಯ ಹಾಗೆ ದೂರದಿಂದ ನೋಡಿ ಕೈಮುಗಿಯಬೇಕು. ಬೀಗ ಬಿಡಿಸಲು ಬಿಲ್ಲಿಂಗ್ ಹುಡುಗಿ ಅಯಸ್ಕಾಂತ ಮುಟ್ಟಿಸಬೇಕು, ಆ ಅಯಸ್ಕಾಂತ ಯಾವಾಗಲೂ ಪಕ್ಕದ ಕೌಂಟರಿನಲ್ಲೇ ಇರುತ್ತದೆ. ಹಿಂದೆ ನಿಂತವರು ಗೊಣಗುತ್ತಾರೆ. ಗಂಡಸರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇಕೆ?

ಭದ್ರತೆ ಸುಮ್ಮನೆ ಕೊಟ್ಟದ್ದಲ್ಲ. ಒಳಗಿರುವುದು ಐವತ್ತು ವರ್ಷದ ಸಂಶೋಧನೆ. 1971ರಲ್ಲಿ ಜಿಲೆಟ್ ಕಂಪನಿಯವರು ಒಂದು ಬ್ಲೇಡಿನ ಪಕ್ಕ ಇನ್ನೊಂದು ಇಟ್ಟರು. 1998ರಲ್ಲಿ ಮೂರನೆಯದು ಇಟ್ಟು ಮ್ಯಾಕ್ 3 ಎಂದರು. 2003ರಲ್ಲಿ ಎದುರಾಳಿ ಶಿಕ್‌ನವರು ನಾಲ್ಕು ಮಾಡಿದರು. 2004ರಲ್ಲಿ ಅಮೆರಿಕದ ವಿಡಂಬನಾ ಪತ್ರಿಕೆಯೊಂದು, ಜಿಲೆಟ್ ಕಂಪನಿಯ ಯಜಮಾನ ಸಿಟ್ಟಿಗೆದ್ದು ಐದು ಬ್ಲೇಡ್ ಹಾಕಿಯೇ ಹಾಕುತ್ತೇನೆಂದು ತೊಡೆ ತಟ್ಟುವ ಲೇಖನ ಬರೆದು ನಗಿಸಿತು. ಮರುವರ್ಷ ಜಿಲೆಟ್ ಗಂಭೀರ ಮುಖ ಮಾಡಿಕೊಂಡು ಐದು ಬ್ಲೇಡಿನ ಫ್ಯೂಷನ್ ಘೋಷಿಸಿತು. ಬೆನ್ನ ಮೇಲೆ ಆರನೆಯದು ಬೇರೆ, ಕಿವಿ ಪಕ್ಕದ ಕೆನ್ನೆಗೂದಲಿನ ಅಂಚು ನೇರ ಮಾಡಲಿಕ್ಕೆ. ವಿಡಂಬನೆ ಬರೆಯುವವರ ಹೊಟ್ಟೆಯ ಮೇಲೆ ಹೀಗೆ ಹೊಡೆಯಬಾರದು. ಕೊರಿಯಾದ ಡಾರ್ಕೊದವರು ಏಳಕ್ಕೆ ಹೋಗಿದ್ದಾರೆ. ಎಂಟನೆಯದರ ಬಗ್ಗೆ ಇಲ್ಲಿ ತಮಾಷೆ ಮಾಡುವುದಿಲ್ಲ, ಯಾರಾದರೂ ಓದಿಬಿಟ್ಟಾರು.

ಇಷ್ಟೊಂದು ಯಾಕೆ? ಜಾಹೀರಾತಿನ ಗ್ರಾಫಿಕ್ಸ್‌ನಲ್ಲಿ ಎಲ್ಲರೂ ನೋಡಿದ್ದೇ: ಮೊದಲ ಬ್ಲೇಡು ಕೂದಲನ್ನು ಕತ್ತರಿಸುತ್ತಾ ಸ್ವಲ್ಪ ಮೇಲಕ್ಕೆಳೆಯುತ್ತದೆ, ಅದು ಒಳಕ್ಕೆ ಜಾರುವ ಮುಂಚೆ ಹಿಂದಿನ ಬ್ಲೇಡು ಬಂದು ಮತ್ತೆ ಕತ್ತರಿಸುತ್ತದೆ. ಸುಳ್ಳಲ್ಲ. ಹಾಗೆ ತುಂಡಾದ ಕೂದಲಿನ ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಇಳಿದು ಕೂರುತ್ತದೆ, ಕೆನ್ನೆ ಬೆಣ್ಣೆಯಾಗುತ್ತದೆ. ಗ್ರಾಫಿಕ್ಸ್ ಅಲ್ಲಿಗೆ ಮುಗಿಯುತ್ತದೆ, ಕೂದಲು ಮುಗಿಯುವುದಿಲ್ಲ. ಗುಂಗುರು ಗಡ್ಡದವರಲ್ಲಿ ಅದು ಮತ್ತೆ ಬೆಳೆಯುವಾಗ ಹೊರಬರುವ ದಾರಿ ತಪ್ಪಿ ಚರ್ಮದೊಳಗೇ ಸುರುಳಿ ಸುತ್ತುತ್ತದೆ. ಗಂಟಲಿನ ಮೇಲೆ ಕೆಂಪು ಗುಳ್ಳೆ, ಕೆಲವಕ್ಕೆ ಕೀವು. ಚರ್ಮದ ವೈದ್ಯರ ಹತ್ತಿರ ಹೋದರೆ ಒಂದೇ ಬ್ಲೇಡ್ ಬಳಸಿ ಅನ್ನುತ್ತಾರೆ, ಇಲ್ಲವೇ ಟ್ರಿಮ್ಮರ್ ಹಿಡಿಯಿರಿ ಅನ್ನುತ್ತಾರೆ. ಕಂಪನಿಗೂ ಇದು ಗೊತ್ತು. ಗುಳ್ಳೆ ಏಳುವ ಗಿರಾಕಿಗಳಿಗೆಂದೇ ಆಮೇಲೆ ಸ್ಕಿನ್‌ಗಾರ್ಡ್ ತಂದರು. ಅದರಲ್ಲಿರುವುದು ಎರಡೇ ಬ್ಲೇಡು. 1971ಕ್ಕೆ ವಾಪಸ್ ಬಂದು ಅದನ್ನೂ ಹೊಸ ಆವಿಷ್ಕಾರ ಅಂತ ಮಾರುವುದಕ್ಕೆ ನಿಜಕ್ಕೂ ಧೈರ್ಯ ಬೇಕು.

ನಮ್ಮ ದೇಶದ ಗಡ್ಡಕ್ಕೂ ಈ ಸಂಶೋಧನೆಯ ಭಾಗ್ಯ ಸಿಕ್ಕಿದೆ. 2002ರಲ್ಲಿ ಭಾರತಕ್ಕೆಂದೇ ವೆಕ್ಟರ್ ರೇಜರ್ ಬಂತು. ಇಲ್ಲಿಯವರ ಗಡ್ಡ ದಟ್ಟ, ದಿನಾ ಬೋಳಿಸುವವರು ಕಡಿಮೆ, ಹಾಗಾಗಿ ಉದ್ದ ಕೂದಲು ಸಿಕ್ಕಿಕೊಳ್ಳುತ್ತದೆಂದು ಅದನ್ನು ಹೊರಕ್ಕೆ ತಳ್ಳಲು ಒಂದು ಪ್ಲಾಸ್ಟಿಕ್ ಪಟ್ಟಿ ಇಟ್ಟಿದ್ದರು. ಪರೀಕ್ಷೆಯೂ ಆಗಿತ್ತು, ಭಾರತೀಯರ ಮೇಲೆಯೇ. ಎಲ್ಲಿಯ ಭಾರತೀಯರು? ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಹುಡುಗರು. ಅವರು ಇಪ್ಪತ್ತನಾಲ್ಕು ಗಂಟೆ ನೀರು ಬರುವ ನಲ್ಲಿಯ ಕೆಳಗೆ ರೇಜರ್ ಹಿಡಿದು ತೊಳೆದು, ಚೆನ್ನಾಗಿದೆ ಅಂದರು. ಇಲ್ಲಿ ಜನ ಒಂದು ಲೋಟ ನೀರಿಟ್ಟುಕೊಂಡು, ಕಿಟಕಿಗೆ ಕೈಕನ್ನಡಿ ಒರಗಿಸಿ, ಕುಕ್ಕರಗಾಲಲ್ಲಿ ಕೂತು ಗಡ್ಡ ಮಾಡುವವರು. ಲೋಟದ ನೀರಿಗೆ ಅದ್ದಿ ಅಲ್ಲಾಡಿಸಿದರೆ ಎರಡು ಬ್ಲೇಡಿನ ಸಂದಿಯ ಕೂದಲು ಹೋಗಲಿಲ್ಲ, ರೇಜರ್ ನಡೆಯಲಿಲ್ಲ. ಆಮೇಲೆ ಸಾಹೇಬರುಗಳು ಖುದ್ದು ಬಂದು ಮನೆಮನೆ ಹೊಕ್ಕು ಜನ ಗಡ್ಡ ಮಾಡಿಕೊಳ್ಳುವುದನ್ನು ನೋಡಿದರು. 2010ರಲ್ಲಿ ಗಾರ್ಡ್ ಬಂತು: ಹದಿನೈದು ರೂಪಾಯಿ, ಬಿಡಿ ಕಾರ್ಟ್ರಿಡ್ಜ್ ಐದು ರೂಪಾಯಿ, ಬ್ಲೇಡು ಒಂದೇ. ಚಿಕ್ಕಪೇಟೆಯ ಯಾವ ಸಲೂನಿನವನನ್ನು ಕೇಳಿದ್ದರೂ ಒಂದು ಚಹಾ ಕುಡಿದು ಮುಗಿಸುವುದರೊಳಗೆ ಹೇಳುತ್ತಿದ್ದ.

ಆ ಸಲೂನಿನವನ ಬಂಡವಾಳ ನೋಡಿ. ಎರಡು ಬಾಯಿಯ ಬ್ಲೇಡನ್ನು ಕಾಗದ ಸಮೇತ ಉದ್ದಕ್ಕೆ ಮಡಿಸಿ ಲಟಕ್ಕೆಂದು ಮುರಿಯುತ್ತಾನೆ, ಅರ್ಧ ಒಬ್ಬರಿಗೆ, ಇನ್ನರ್ಧ ಮುಂದಿನವರಿಗೆ. ಇಡೀ ಬ್ಲೇಡಿಗೆ ಮೂರ್ನಾಲ್ಕು ರೂಪಾಯಿ. ಕೌಶಲವೆಲ್ಲ ಬ್ಲೇಡಿಗಿಂತ ಮೊದಲೇ ಮುಗಿದಿರುತ್ತದೆ: ನೀರು ಚಿಮುಕಿಸಿ, ಬ್ರಷ್ಷು ಸುತ್ತಿಸಿ ಸುತ್ತಿಸಿ, ನೊರೆ ಎರಡು ಮೂರು ನಿಮಿಷ ಮುಖದ ಮೇಲೆ ಇರಲು ಬಿಡುತ್ತಾನೆ. ಒಣ ಕೂದಲು ತಾಮ್ರದ ತಂತಿಯಷ್ಟು ಗಡಸು ಅನ್ನುತ್ತಾರೆ. ನೀರು ಕುಡಿದ ಮೇಲೆ ಮೆತ್ತಗಾಗುತ್ತದೆ. ಆಮೇಲೆ ಎಡಗೈಯಿಂದ ಚರ್ಮ ಬಿಗಿ ಹಿಡಿದು, ಬ್ಲೇಡನ್ನು ಸುಮಾರು 30 ಡಿಗ್ರಿ ಓರೆಯಾಗಿಸಿ, ಕೂದಲು ಮಲಗಿದ ದಿಕ್ಕಿನಲ್ಲೇ ಇಳಿಸುತ್ತಾನೆ. ಕೆನ್ನೆಯಲ್ಲಿ ಕೂದಲು ಕೆಳಮುಖ, ಗಂಟಲಲ್ಲಿ ಎಷ್ಟೋ ಜನರಿಗೆ ಮೇಲ್ಮುಖ ಇಲ್ಲವೇ ಅಡ್ಡ. ಬೆರಳಾಡಿಸಿ ನೋಡದೆ ಅಲ್ಲಿ ಬ್ಲೇಡಿಡುವುದಿಲ್ಲ. ಒತ್ತುವುದಂತೂ ಇಲ್ಲವೇ ಇಲ್ಲ. ಕೊನೆಗೆ ಪಟಿಕದ ಕಲ್ಲು. ಇದನ್ನೆಲ್ಲ ಬಿಟ್ಟು, ಆಫೀಸ್ ಕ್ಯಾಬ್ ಹಾರ್ನ್ ಹೊಡೆಯುತ್ತಿರುವಾಗ ಒಣ ಮುಖಕ್ಕೆ ಜೆಲ್ ಬಳಿದು ಕೆಳಗಿಂದ ಮೇಲಕ್ಕೆ ಎಳೆದರೆ ಐದಲ್ಲ, ಐವತ್ತು ಬ್ಲೇಡಿದ್ದರೂ ಉರಿಯುವುದು ಉರಿಯಲೇಬೇಕು.

ಬ್ಲೇಡ್ ಮೊಂಡಾಗುವುದು ಉಜ್ಜಿ ಉಜ್ಜಿ ಎಂದು ನಂಬಿದ್ದೆವಲ್ಲ? ಕೂದಲಿಗಿಂತ ಉಕ್ಕು ಐವತ್ತು ಪಟ್ಟು ಗಟ್ಟಿ. 2020ರಲ್ಲಿ ಅದೇ ಎಂಐಟಿಯವರು ಸೂಕ್ಷ್ಮದರ್ಶಕ ಇಟ್ಟು ನೋಡಿದರೆ, ಕೂದಲು ಓರೆಯಾಗಿ ಬಾಗಿ ತಾಗಿದಾಗ ಅಲಗಿನ ಅಂಚು ಚೂರುಚೂರೇ ಮುಕ್ಕಾಗುತ್ತಿತ್ತು. ಅಂತೂ ಎಷ್ಟೇ ಬ್ಲೇಡ್ ಇರಲಿ, ಎಸೆಯುವ ದಿನ ಬರುತ್ತದೆ.

ಇಲ್ಲಿಗೆ ನಗು ಸಾಕು. ಬೀಗದ ಪೆಟ್ಟಿಗೆಯೊಳಗಿದ್ದ ಆ ಸಾವಿರ ರೂಪಾಯಿ ಪ್ಯಾಕಿನ ಕಾರ್ಟ್ರಿಡ್ಜ್ ಉಕ್ಕು, ಪ್ಲಾಸ್ಟಿಕ್, ರಬ್ಬರ್ ಎಲ್ಲ ಕಚ್ಚಿಕೊಂಡ ಮುದ್ದೆ, ಗುಜರಿಯವನೂ ಮುಟ್ಟುವುದಿಲ್ಲ. ಬಿಡಿ ಬ್ಲೇಡಾದರೆ ನಾವು ತೆಂಗಿನ ನಾರಿನ ಜೊತೆ, ಮೊಟ್ಟೆಯ ಸಿಪ್ಪೆಯ ಜೊತೆ ಬುಟ್ಟಿಗೆ ಹಾಕುತ್ತೇವೆ. ಬೆಳಿಗ್ಗೆ ಆಟೋ ಟಿಪ್ಪರಿನಲ್ಲಿ ಒಬ್ಬಾಕೆ ಬರಿಗೈಯಲ್ಲಿ ಅದನ್ನು ಕೆದಕಿ ಹಸಿ, ಒಣ ಬೇರೆ ಮಾಡುತ್ತಾಳೆ. ಕೈಗವಸು ಕೊಟ್ಟಿದ್ದೇವೆ ಅನ್ನುವುದು ಕಡತದ ಮಾತು, ಕೊಟ್ಟದ್ದೂ ತೆಳು ರಬ್ಬರು, ಬ್ಲೇಡಿಗೆ ಅದು ಲೆಕ್ಕವೇ? ರಕ್ತ ತಾಗಿದ ಅಲಗು ಕೈ ಕೊಯ್ದರೆ ಧನುರ್ವಾಯುವಿನ ಇಂಜೆಕ್ಷನ್ನು, ಹೆಪಟೈಟಿಸ್ ಭಯ, ಅರ್ಧ ದಿನದ ಕೂಲಿ ಎಲ್ಲ ಅವಳ ತಲೆಗೇ. ಅಂಗಡಿಯಲ್ಲಿರುವಾಗ ಬೀಗ ಹಾಕಿ ಕಾಯುವ ವಸ್ತುವನ್ನು ಕೆಲಸ ಮುಗಿದ ಮೇಲೆ ಹೀಗೆ ಎಸೆಯುವುದಕ್ಕೆ ಯಾರಿಗೂ ನಾಚಿಕೆಯಿಲ್ಲ. ಬರೆದು ಬರೆದು ಸುಸ್ತಾಗಿದೆ.

ಮುಚ್ಚಳವಿರುವ ಒಂದು ಹಳೆಯ ಟಿನ್ ಡಬ್ಬ ಸಾಕು. ಮುಚ್ಚಳದಲ್ಲಿ ಬ್ಲೇಡ್ ತೂರುವಷ್ಟು ಸೀಳು ಮಾಡಿ ಅಂಚಿಗೆಲ್ಲ ಟೇಪ್ ಸುತ್ತಿ. ತುಂಬಲು ವರ್ಷಗಳೇ ಬೇಕು. ತುಂಬಿದ ಮೇಲೆ ಸೀಳನ್ನೂ ಮುಚ್ಚಿ, ಒಳಗೆ ಬ್ಲೇಡಿದೆ ಎಂದು ದಪ್ಪಕ್ಷರದಲ್ಲಿ ಬರೆದು, ಬುಟ್ಟಿಗೆ ಹಾಕದೆ ಆಕೆಯ ಕೈಗೇ ಕೊಟ್ಟು ಬಾಯಲ್ಲೂ ಹೇಳಿ.