ಮಾಟುಂಗಾದ ಮನೆಗಳಿಗೂ ಬೆಲೆ ಇದೆ

ಆರ್ಟ್ ಡೆಕೊ, ಅಂದ್ರೆ ದುಂಡು ಮೂಲೆ, ನೇರ ಗೆರೆಗಳ 1930ರ ದಶಕದ ಕಟ್ಟಡ ಶೈಲಿ, ಎಂದ ಕೂಡಲೇ ಎಲ್ಲರೂ ಮುಂಬಯಿಯ ಮರೀನ್ ಡ್ರೈವ್ ಕಡೆ ಕೈ ತೋರಿಸುತ್ತಾರೆ. 2018ರಲ್ಲಿ ಅದು ಯುನೆಸ್ಕೋ ಪಟ್ಟಿಗೂ ಸೇರಿತು, ಸಂತೋಷವೇ. ಆದರೆ ಅದೇ ಮುಂಬಯಿಯ ಮಾಟುಂಗಾದಲ್ಲಿ ರುಯಿಯಾ, ಪೋದಾರ್ ಕಾಲೇಜುಗಳ ಸುತ್ತಲಿನ ರಸ್ತೆಗಳಲ್ಲೂ ಅದೇ ಕಾಲದ, ಅದೇ ಶೈಲಿಯ ಮನೆಗಳಿವೆ. ಒಂದೊಂದಾಗಿ ನೆಲಸಮ ಆಗುತ್ತಿವೆ. ಇದರ ಬಗ್ಗೆ ನಾವು ಮಾತಾಡುತ್ತಲೇ ಇಲ್ಲ ಅನ್ನೋದು ನನಗೆ ನಿಜವಾಗಿ ಸಂಕಟ.

ಈ ಬಡಾವಣೆ ತಾನಾಗಿ ಬೆಳೆದದ್ದಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಗಾಳಿ ಬೆಳಕು ಇಲ್ಲದ ಕೋಣೆಗಳಲ್ಲಿ ಜನ ಸತ್ತರು. ಅದಕ್ಕೇ 1898ರಲ್ಲಿ ಊರನ್ನು ಸುಧಾರಿಸಲು ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ಸಂಸ್ಥೆ ಹುಟ್ಟಿತು. ದಾದರ್, ಮಾಟುಂಗಾ, ವಡಾಲಾ, ಸಾಯನ್ ಭಾಗಕ್ಕೆ ಅಗಲ ರಸ್ತೆ, ಮರ, ತೋಟ, ಎರಡು ಕಟ್ಟಡಗಳ ಮಧ್ಯೆ ಖಾಲಿ ಜಾಗ ಅಂತೆಲ್ಲ ನಕ್ಷೆ ಹಾಕಿದ್ದು ಅವರೇ. ಇಲ್ಲಿನ ಫೈವ್ ಗಾರ್ಡನ್ಸ್ ಉದ್ಯಾನಗಳಲ್ಲಿ ಸಂಜೆ ವಾಕ್ ಮಾಡುವಾಗ ಮುಖಕ್ಕೆ ಗಾಳಿ ಬೀಸುತ್ತದಲ್ವಾ, ಅದು ಆ ನಕ್ಷೆಯ ಫಲ. ರುಯಿಯಾ ಶುರುವಾದದ್ದು 1937ರಲ್ಲಿ. ಆ ಹೊತ್ತಿಗೆ ಸಿಮೆಂಟ್ ಕಾಂಕ್ರೀಟಿನ ಮೂರು ಮಹಡಿ ಮನೆಗಳು ಏಳುತ್ತಿದ್ದವು, ದಕ್ಷಿಣದಿಂದ ಬಂದ ನಮ್ಮವರೂ ಇಲ್ಲೇ ನೆಲೆಯೂರುತ್ತಿದ್ದರು. ಮೈಸೂರು ಅಸೋಸಿಯೇಷನ್ ಇವತ್ತಿಗೂ ಇಲ್ಲೇ ಇದೆ.

ಇಂಥ ಒಂದು ಕಟ್ಟಡದ ಮೆಟ್ಟಿಲು ಹತ್ತಿ ನೋಡಿ. ಮೆಟ್ಟಿಲ ಪಕ್ಕದ ಮರದ ಕೈಹಿಡಿ ಸವೆದು ನುಣುಪಾಗಿರುತ್ತದೆ. ತಿರುವಿನಲ್ಲಿ ಸಿಮೆಂಟಿನ ಜಾಲರಿ, ಅದರಿಂದ ಮಧ್ಯಾಹ್ನವೂ ಲೈಟು ಬೇಡದಷ್ಟು ಬೆಳಕು. ಮೂಲೆಯಲ್ಲಿ ದುಂಡನೆಯ ಬಾಲ್ಕನಿ. ಕಿಟಕಿಗಳ ಮೇಲೆ ಉದ್ದಕ್ಕೆ ಚಾಚಿದ ಛಜ್ಜಾ (ಮಳೆ ಬಿಸಿಲು ತಡೆಯುವ ಸಜ್ಜೆ) ಬರೀ ಅಂದಕ್ಕಲ್ಲ, ಜುಲೈ ಮಳೆಯಲ್ಲೂ ಕಿಟಕಿ ತೆರೆದಿಡಬಹುದು. ಗ್ರಿಲ್ಲಿನಲ್ಲಿ ಉದಯಿಸುವ ಸೂರ್ಯ. ಇಷ್ಟು ಕಾಳಜಿ ಮಧ್ಯಮ ವರ್ಗದ ಬಾಡಿಗೆ ಮನೆಗೆ!

ಒಳಗಿರುವವರ ಕಷ್ಟ ನನಗೆ ಗೊತ್ತು. ನಮ್ಮ ಚಿಕ್ಕಮ್ಮನೇ ಲಿಫ್ಟ್ ಇಲ್ಲದೆ ಮೂರನೇ ಮಹಡಿಯಿಂದ ಇಳಿಯೋದನ್ನೇ ಬಿಟ್ಟಿದ್ದಾರೆ. ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಸೀಲಿಂಗ್ ಉದುರುತ್ತದೆ. ಪಗಡಿ ಮನೆಯ, ಅಂದ್ರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಕಾಯಂ ಬಾಡಿಗೆ ಹಕ್ಕು ಪಡೆದ ಮನೆಯ, ಪುಡಿಗಾಸು ಬಾಡಿಗೆಯಲ್ಲಿ ಮಾಲೀಕರು ರಿಪೇರಿಗೆ ಕೈ ಹಾಕಲ್ಲ. ಹಾಗಿರುವಾಗ ಬಿಲ್ಡರ್ ಹೊಸ ಫ್ಲಾಟ್ ಕೊಡ್ತೀನಿ ಅಂದರೆ ಸಹಿ ಹಾಕಿದವರನ್ನು ಬೈಯೋಕೆ ನನಗೆ ಬಾಯಿ ಬರಲ್ಲ.

ಆದರೆ ತುಕ್ಕು ತೆಗೆದು ಕಾಂಕ್ರೀಟ್ ಮತ್ತೆ ತುಂಬುವುದು, ಹಿಂಬದಿಗೆ ಲಿಫ್ಟ್ ಕೂರಿಸುವುದು ಎಷ್ಟೋ ಕಟ್ಟಡಗಳಲ್ಲಿ ಸಾಧ್ಯ. ಅದಕ್ಕೆ ಸಾಲ, ತೆರಿಗೆ ರಿಯಾಯಿತಿ ಸಿಗಬೇಕು. ಕೆಡವಲೇಬೇಕಾದ ಕಡೆಯೂ ರಸ್ತೆಯಿಂದ ಬಿಟ್ಟ ಜಾಗ, ಮರ, ಛಜ್ಜಾ ಉಳಿಸುವ ನಿಯಮ ಬೇಕು. ಅಲ್ಲಿರುವ ಸ್ನೇಹಿತರೇ, ಸೊಸೈಟಿ ಮೀಟಿಂಗಿನಲ್ಲಿ ರೀಡೆವಲಪ್‌ಮೆಂಟ್ ಕಾಗದ ಬಂದರೆ ಸಹಿಗೆ ಮೊದಲು ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರ ರಿಪೇರಿಯ ಅಂದಾಜು ಪಟ್ಟಿಯನ್ನೂ ಬರೆಸಿಕೊಳ್ಳಿ. ಬಿಲ್ಡರ್ ಕರೆತಂದವರಲ್ಲ, ನೀವೇ ಹುಡುಕಿದವರ ಹತ್ತಿರ.