ಒಂದೇ ಧಾರಣೆ, ನಾಲ್ಕು ಮೆಸೇಜು

ಶಿವಮೊಗ್ಗ ಮಾರುಕಟ್ಟೆಯ ಇವತ್ತಿನ ಅಡಿಕೆ ಧಾರಣೆ ಸಂಜೆ ಆರಕ್ಕೆ ಸರಿಯಾಗಿ ಬಂತು. ರಾಶಿ, ಬೆಟ್ಟೆ, ಸರಕು, ಗೊರಬಲು, ಎಲ್ಲಾ ಇದೆ. ನಾಲ್ಕು ಸಲ ಇದೆ! ರೇಟು ಇಳಿದ ದಿನ ಅದನ್ನ ನಾಲ್ಕು ಸಲ ಓದೋ ಶಿಕ್ಷೆ ಬೇರೆ. ಈ ಮೆಸೇಜು ಕಳಿಸೋ ಆ್ಯಪ್ ಯಾರದು ಅಂತ ಹೇಳಲ್ಲ. ಕೋಡ್ ನೋಡಿಲ್ಲ, ಆದರೂ ಪಂಥ ಕಟ್ಟುತ್ತೇನೆ: ಪೈಥಾನ್ ವೆಬ್ ಆ್ಯಪನ್ನ ಓಡಿಸೋ ಗುನಿಕಾರ್ನ್ ಸರ್ವರಿಗೆ ನಾಲ್ಕು ವರ್ಕರ್ ಕೊಟ್ಟು, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸೋ ಎಪಿಶೆಡ್ಯೂಲರ್ ಲೈಬ್ರರಿಯನ್ನ ಫ್ಲಾಸ್ಕ್ (ಪೈಥಾನಿನ ವೆಬ್ ಫ್ರೇಮ್‌ವರ್ಕ್) ಆ್ಯಪಿನ ಒಳಗೇ ಸ್ಟಾರ್ಟ್ ಮಾಡಿದ್ದಾರೆ.

ಮಾರಾಯ್ರೆ, ಒಂದೊಂದು ವರ್ಕರೂ ಬೇರೆ ಪ್ರೋಸೆಸ್. ಒಂದೊಂದೂ ಆ್ಯಪನ್ನ ತಾನೇ ಇಂಪೋರ್ಟ್ ಮಾಡಿಕೊಳ್ಳುತ್ತೆ, ಒಂದೊಂದರಲ್ಲೂ ಒಂದು ಶೆಡ್ಯೂಲರ್ ಏಳುತ್ತೆ. ಪಕ್ಕದ್ದು ಕಳಿಸಿದ್ದು ಇದಕ್ಕೆ ಗೊತ್ತಿಲ್ಲ. ಮ್ಯಾಕ್ಸ್ ಇನ್‌ಸ್ಟನ್ಸಸ್ (ಒಂದೇ ಜಾಬ್ ಒಟ್ಟಿಗೆ ಎಷ್ಟು ಓಡಬಹುದು ಅನ್ನೋ ಮಿತಿ) ಒಂದು ಅಂತ ಹಾಕಿದ್ದೀವಲ್ಲ ಅಂತೀರಾ? ಅದು ಆಯಾ ಶೆಡ್ಯೂಲರಿನ ಒಳಗಷ್ಟೇ ಲೆಕ್ಕ.

'ಪ್ರೀಲೋಡ್ ಹಾಕಿದರೆ ಒಂದೇ ಸಲ ಬರುತ್ತಲ್ಲ' ಅನ್ನೋ ಜಾಣರಿದ್ದಾರೆ. ಬರುತ್ತೆ, ಒಪ್ಪಿದೆ. ಆಗ ಗುನಿಕಾರ್ನಿನ ಮಾಸ್ಟರ್ ಪ್ರೋಸೆಸ್ಸೇ ಆ್ಯಪನ್ನ ಒಂದು ಸಲ ಇಂಪೋರ್ಟ್ ಮಾಡಿ, ಆಮೇಲೆ ವರ್ಕರುಗಳನ್ನ ಫೋರ್ಕ್ ಮಾಡುತ್ತೆ, ಅಂದರೆ ತನ್ನದೇ ಪ್ರತಿ ತೆಗೆಯುತ್ತೆ. ಶೆಡ್ಯೂಲರನ್ನ ಓಡಿಸೋ ಥ್ರೆಡ್ ಮಾತ್ರ ಮಾಸ್ಟರಿನಲ್ಲೇ ಉಳಿಯುತ್ತೆ. ಫೋರ್ಕ್ ಆದ ವರ್ಕರಿಗೆ ಆ ಥ್ರೆಡ್ ಬರಲ್ಲ. ಈಗ ಅಡ್ಮಿನ್ ಪೇಜಿನಿಂದ ಹೊಸ ಜಾಬ್ ಸೇರಿಸಿ ನೋಡಿ. ಅದು ಸೇರೋದು ಥ್ರೆಡ್ ಇಲ್ಲದ ವರ್ಕರಿಗೆ. ಎರರ್ ಇಲ್ಲ, ಜಾಬ್ ಓಡೋದೂ ಇಲ್ಲ. ವರ್ಕರನ್ನ ಒಂದಕ್ಕೆ ಇಳಿಸಿದರೆ, ನಿಧಾನದ ಒಂದು ರಿಕ್ವೆಸ್ಟಿಗೆ ಇಡೀ ಸೈಟು ಕಾಯುತ್ತೆ. ಇನ್ನು ಹಿನ್ನೆಲೆ ಕೆಲಸಕ್ಕೆ ಅಂತಲೇ ಇರೋ ಸೆಲೆರಿ! ದಿನಕ್ಕೊಂದು ಮೆಸೇಜಿಗೆ ರೆಡಿಸ್ (ಕೆಲಸದ ಸರತಿ ಇಡೋದು), ವರ್ಕರ್, ಬೀಟ್ (ಹೊತ್ತು ನೋಡಿ ಕೆಲಸ ಹಚ್ಚೋದು) ಮೂರನ್ನೂ ಸಾಕೋದು ಗುಡ್ಡ ಅಗೆದು ಇಲಿ ಹಿಡಿದ ಹಾಗೆ. ಬೀಟನ್ನ ಎರಡು ಕಡೆ ಓಡಿಸಿದರೆ ಮತ್ತೆ ಅದೇ ರಾಗ.

ಶೆಡ್ಯೂಲರನ್ನ ವೆಬ್ ಪ್ರೋಸೆಸ್ಸಿನಿಂದ ಹೊರಗೆ ಹಾಕಿ, ಅಷ್ಟೇ. ಕೆಲಸವನ್ನ ಒಂದು ಫ್ಲಾಸ್ಕ್ ಕಮಾಂಡ್ ಮಾಡಿ ಲಿನಕ್ಸಿನ ಸಿಸ್ಟಮ್‌ಡಿ ಟೈಮರಿಗೆ ಕೊಡಿ. ಟೈಮರಿನಲ್ಲಿ ಹೊತ್ತು ಬರೆಯೋ ಆನ್‌ಕ್ಯಾಲೆಂಡರ್ ಸಾಲಿನ ಕೊನೆಗೆ ಏಷ್ಯಾ/ಕೋಲ್ಕತಾ ಅಂತ ಸೇರಿಸಿ. ಯುಟಿಸಿಯಲ್ಲಿರೋ ಸರ್ವರಿಗೆ ಬರೀ 18:00 ಅಂದರೆ ನಮಗೆ ರಾತ್ರಿ ಹನ್ನೊಂದೂವರೆ. ಪರ್ಸಿಸ್ಟೆಂಟನ್ನ ಟ್ರೂ ಮಾಡೋದು ಮರೀಬೇಡಿ, ಅದರಲ್ಲೂ ಸರ್ವರನ್ನ ತೀರ್ಥಹಳ್ಳಿಯ ಆಫೀಸಲ್ಲೇ ಇಟ್ಟುಕೊಂಡವರು. ಆಷಾಢದ ಮಳೆಗೆ ಐದೂವರೆಗೆ ಹೋದ ಕರೆಂಟು ಏಳಕ್ಕೆ ಬಂದರೂ, ತಪ್ಪಿಹೋದ ಜಾಬ್ ಸರ್ವರ್ ಎದ್ದ ಕೂಡಲೇ ಓಡುತ್ತೆ. ಎಪಿಶೆಡ್ಯೂಲರ್ 3ರಲ್ಲಾದರೆ, ನೀವಾಗಿ ಡೇಟಾಬೇಸ್ ಕೊಡದಿದ್ದರೆ ಜಾಬ್ ಪಟ್ಟಿ ಇರೋದು ಮೆಮೊರಿಯಲ್ಲಿ. ಕರೆಂಟಿನ ಜೊತೆ ಅದೂ ಹೋಯ್ತು, ಮುಂದಿನ ಮೆಸೇಜು ನಾಳೆ ಸಂಜೆಗೇ. ಟೈಮರ್ ಬೇಡ, ಲಿನಕ್ಸಿನ ಹಳೇ ಕ್ರಾನೇ ಬೇಕು ಅನ್ನೋರು ವರ್ಚುವಲ್ ಎನ್‌ವೈರನ್‌ಮೆಂಟಿನ ಪೈಥಾನಿಗೆ ಪೂರ್ತಿ ಪಾತ್ ಬರೆದು, ಅದಕ್ಕಿಂತ ಮೊದಲು ಎಫ್‌ಲಾಕ್ ಹಾಕಿ, ಒಂದು ಮುಗಿಯದೆ ಇನ್ನೊಂದು ಓಡದ ಹಾಗೆ.

ಇಷ್ಟಾದ ಮೇಲೂ ಡೇಟಾಬೇಸಲ್ಲಿ ದಿನಾಂಕ, ಮಾರುಕಟ್ಟೆ, ಫೋನ್ ನಂಬರ್ ಮೂರೂ ಸೇರಿ ಯೂನಿಕ್ ಮಾಡಿ, ಅಂದರೆ ಅದೇ ಮೂರು ಇರೋ ಎರಡನೇ ಸಾಲು ಒಳಗೆ ಹೋಗಬಾರದು. ಮೊದಲು ಸಾಲು ಇನ್ಸರ್ಟ್ ಮಾಡಿ, ಅದು ಆದರೆ ಮಾತ್ರ ಮೆಸೇಜು. ಇದೊಂದಿದ್ದಿದ್ದರೆ ಇವತ್ತು ನಾಲ್ಕು ಶೆಡ್ಯೂಲರ್ ಎದ್ದಿದ್ದರೂ ಮೂರು ತೆಪ್ಪಗೆ ಕೂರುತ್ತಿದ್ದವು. ಹೋದ ಮೆಸೇಜಿನ ಸಾಲಿಗೆ ಗುರುತು ಹಾಕಿಡಿ. ಮೆಸೇಜು ದಾಟಿಸೋ ಗೇಟ್‌ವೇ ಕೈಕೊಟ್ಟ ದಿನ ಗುರುತಿಲ್ಲದವಕ್ಕಷ್ಟೇ ಮತ್ತೆ ಕಳಿಸಿದರಾಯ್ತು.