ಹಳೆ ಪಿಕಪ್ ಮಾರೋದಿದ್ರೆ ದಯವಿಟ್ಟು ಬಣ್ಣ ಹೊಡೆಸಬೇಡಿ

ನಮ್ಮ ಮಲೆನಾಡಿನ ತೋಟದ ಶೆಡ್‌ಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಹಳೆ ಪಿಕಪ್ ನಿಂತಿವೆ. ಒಂದಷ್ಟು ಮನೆಯವರು ಈಗ ಅವನ್ನು ಮಾರೋಕೆ ಹೊರಟಿದ್ದಾರೆ. ಮಾರಲಿ. ಶೆಡ್‌ನಲ್ಲಿ ಕೊಳೆಯೋ ಬದಲು ರಿಪೇರಿ ಮಾಡಿಸಿ ಓಡಿಸುವವರ ಕೈ ಸೇರಲಿ. ಆದರೆ ಮಾರುವ ಮೊದಲು ಎಲ್ಲರೂ ಒಂದು ಕೆಲಸ ಮಾಡುತ್ತಾರಲ್ಲ, ಗಾಡಿಯನ್ನ ಟೌನಿನ ಗ್ಯಾರೇಜಿಗೆ ಎಳೆಸಿ, ತೂತಿಗೆಲ್ಲ ಪುಟ್ಟಿ ಮೆತ್ತಿಸಿ, ಮೇಲೊಂದು ಕೋಟ್ ಹೊಳೆಯುವ ಬಣ್ಣ ಹೊಡೆಸಿ, ಟಯರಿಗೆ ಪಾಲಿಶ್ ಹಚ್ಚಿ ಫೋಟೋ ತೆಗೆಯೋದು, ಅದನ್ನ ಮಾಡಬೇಡಿ ಅಂತ ಹೇಳೋಕೆ ಈ ಪೋಸ್ಟ್. ಸ್ವಲ್ಪ ಉದ್ದ ಇದೆ.

ನಾವೂ ಒಂದನ್ನು ಮಾರುತ್ತಿದ್ದೇವೆ. ಸಕಲೇಶಪುರದ ಕಡೆ ಅಜ್ಜನ ತೋಟದಲ್ಲಿರೋ ಮಹೀಂದ್ರ ಫಾರ್ವರ್ಡ್ ಕಂಟ್ರೋಲ್ ಪಿಕಪ್. ನೋಡಿಲ್ಲದವರಿಗೆ ಹೇಳ್ತೀನಿ: ಜೀಪಿಗೆ ಮುಂದೆ ಬಾನೆಟ್ ಇರುತ್ತಲ್ವಾ, ಇದಕ್ಕೆ ಅದಿಲ್ಲ. ಮೂತಿ ಚಪ್ಪಟೆ. ಎಂಜಿನ್ ಇರೋದು ಕ್ಯಾಬಿನ್ ಒಳಗೆ, ಎರಡು ಸೀಟಿನ ಮಧ್ಯೆ ಒಂದು ತಗಡಿನ ಮುಚ್ಚಳದ ಕೆಳಗೆ. ಬೇಸಿಗೆಯಲ್ಲಿ ಡ್ರೈವರ್‌ನ ಎಡಗಾಲು ಬೆಂದುಹೋಗುತ್ತೆ. ಅಮೆರಿಕದ ವಿಲ್ಲಿಸ್ ಕಂಪನಿ 1956ರಲ್ಲಿ ಹೊರತಂದ ಗಾಡಿ ಇದು, ಡಿಸೈನ್ ಮಾಡಿದ್ದು ಬ್ರೂಕ್ಸ್ ಸ್ಟೀವನ್ಸ್. ಅಲ್ಲಿ 1965ರ ಹೊತ್ತಿಗೆ ನಿಂತುಹೋಯಿತು, ಇಲ್ಲಿ ಮಹೀಂದ್ರದವರು ಸುಮಾರು ಅದೇ ಹೊತ್ತಿಗೆ ಶುರು ಮಾಡಿದರು. ಉದ್ದ ಕಮ್ಮಿ, ಅದಕ್ಕೇ ತೋಟದ ತಿರುವಿನಲ್ಲಿ ಒಂದೇ ಏಟಿಗೆ ತಿರುಗುತ್ತಿತ್ತು. ಖಾಲಿ ಗಾಡಿಯಲ್ಲಿ ಇಳಿಜಾರು ಇಳಿಯುವಾಗ ಜೋರಾಗಿ ಬ್ರೇಕ್ ಒತ್ತಿದರೆ ಮಾತ್ರ ಹಿಂದುಗಡೆ ಹಗುರ ಆದ ಹಾಗೆ ಆಗಿ ಜೀವ ಬಾಯಿಗೆ ಬರುತ್ತಿತ್ತು.

ಮಾರುವ ಮಾತು ಬಂದಾಗ ನಮ್ಮ ಭಾವ ಹೇಳಿದ್ದು ಇಷ್ಟೇ: "ಸುಮ್ನೆ ಒಂದು ಇಪ್ಪತ್ತೈದು ಮೂವತ್ತು ಸಾವಿರ ಹಾಕಿ ಮಾರಾಯ, ಟಿಂಕರಿಂಗ್ ಪೇಂಟಿಂಗ್ ಮಾಡಿಸಿಬಿಡು, ಡಬಲ್ ರೇಟಿಗೆ ಹೋಗುತ್ತೆ." ಭಾವನ ಲೆಕ್ಕ ಐದಾರು ವರ್ಷದ ಬೊಲೆರೋಗೆ ಸರಿ. ಅರವತ್ತರ ದಶಕದ ಗಾಡಿಗೆ ಪೂರ್ತಿ ಉಲ್ಟಾ.

ಇಂಥ ಗಾಡಿ ಕೊಳ್ಳೋನು ಯಾರು ಹೇಳಿ? ನಾಳೆಯಿಂದ ಗೊಬ್ಬರ ಹೊಡೆಯೋಕೆ ಯಾರೂ ತಗೊಳ್ಳಲ್ಲ. ಬಿಚ್ಚಿ, ಚಾಸಿ ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿನವರೆಗೂ ಬಿಚ್ಚಿ, ಮತ್ತೆ ಕಟ್ಟುವವನು ತಗೊಳ್ತಾನೆ. ಅವನು ನೀವು ಹೊಡೆಸಿದ ಬಣ್ಣವನ್ನ ಮೊದಲ ವಾರವೇ ಕೆರೆದು ಎಸೆಯುತ್ತಾನೆ. ಅಂದ ಮೇಲೆ ಆ ಬಣ್ಣಕ್ಕೆ ಅವನು ಯಾಕೆ ದುಡ್ಡು ಕೊಡಬೇಕು? ಕೊಡೋದಿರಲಿ, ಹೊಸ ಬಣ್ಣ ನೋಡಿದ ತಕ್ಷಣ ಅವನಿಗೆ ಅನುಮಾನ. ಒಳಗೆ ಏನು ಮುಚ್ಚಿದ್ದಾರೆ? ತಗಡು ಎಷ್ಟು, ಪುಟ್ಟಿ ಎಷ್ಟು? ಇಂಥವರು ಜೇಬಲ್ಲಿ ಅಯಸ್ಕಾಂತ ಇಟ್ಟುಕೊಂಡೇ ಬರ್ತಾರೆ. ಬಾಗಿಲ ಕೆಳಗೆ ಹಿಡಿದಾಗ ಅದು ಅಂಟದೆ ಜಾರಿದರೆ ಅಲ್ಲಿಗೆ ಮಾತು ಮುಗಿಯಿತು, ಪೂರ್ತಿ ಗಾಡಿಯೇ ಪುಟ್ಟಿ ಅಂತ ಲೆಕ್ಕ ಹಾಕಿ ರೇಟು ಹೇಳ್ತಾರೆ.

ತುಕ್ಕು ಇದ್ದರೆ ಇರಲಿ, ಅದನ್ನೇ ತೋರಿಸಿ. ನಮ್ಮ ಗಾಡಿಯಲ್ಲಿ ಎಲ್ಲೆಲ್ಲಿದೆ ಅಂತ ನಾನೇ ಹೇಳಿಬಿಡ್ತೀನಿ. ಡ್ರೈವರ್ ಕಾಲ ಹತ್ತಿರ ರಬ್ಬರ್ ಮ್ಯಾಟ್ ಎತ್ತಿ ಸ್ಕ್ರೂ ಡ್ರೈವರ್ ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಗಿ ಕೆಳಗಿನ ನೆಲ ಕಾಣುತ್ತೆ. ಮಳೆಗಾಲದ ನಾಲ್ಕು ತಿಂಗಳು ಒದ್ದೆ ಕಾಲಲ್ಲೇ ಹತ್ತಿ ಇಳಿದು, ಆ ನೀರು ಮ್ಯಾಟಿನ ಅಡಿ ಕೂತಿದ್ದರ ಫಲ ಅದು. ಹಿಂದಿನ ತೊಟ್ಟಿಯದ್ದು ಬೇರೆ ಕಥೆ. ತೋಟದ ಪಿಕಪ್ ಹೊತ್ತಿದ್ದು ಕಾಫಿ ಮೂಟೆ ಮಾತ್ರ ಅಲ್ಲ, ಗೊಬ್ಬರ ಕೂಡ. ಪೊಟ್ಯಾಶ್ ಅಂದರೆ ಒಂಥರಾ ಉಪ್ಪೇ. ಹರಿದ ಚೀಲದಿಂದ ಉದುರಿದ್ದು ಪಟ್ಟಿಗಳ ಸಂದಿಯಲ್ಲಿ ಸೇರಿಕೊಂಡು, ಗಾಳಿಯ ತೇವ ಎಳೆದುಕೊಂಡು, ಕಬ್ಬಿಣವನ್ನ ಒಳಗಿಂದ ತಿನ್ನುತ್ತಾ ಹೋಗುತ್ತೆ. ಈಗಲೂ ತೊಟ್ಟಿಯ ಬೋಲ್ಟ್ ಸುತ್ತ ಬಿಳಿ ಹೆಪ್ಪು ಕಾಣುತ್ತೆ, ಉಗುರಲ್ಲಿ ಕೆರೆದರೆ ಅದರ ಹಿಂದೆಯೇ ಕೆಂಪು ಪುಡಿ ಬರುತ್ತೆ. ಯಾವ ಬಣ್ಣವೂ ಇದನ್ನ ನಿಲ್ಲಿಸಲ್ಲ. ಮೇಲೆ ಬಣ್ಣ ಬಿದ್ದರೆ ಒಳಗೆ ಇನ್ನೂ ಆರಾಮಾಗಿ ತಿನ್ನುತ್ತೆ, ಅಷ್ಟೇ.

ಬಣ್ಣ ಹೊಡೆಸೋದರಲ್ಲಿ ಇನ್ನೊಂದು ಅಪಾಯ ಇದೆ, ಇದನ್ನ ಯಾರೂ ಯೋಚನೆ ಮಾಡಲ್ಲ. ಗ್ಯಾರೇಜಿನ ಹುಡುಗ ಗ್ರೈಂಡರ್ ಹಿಡಿದು ತುಕ್ಕು ಉಜ್ಜುತ್ತಾ ಹೋಗುವಾಗ ಚಾಸಿ ನಂಬರ್ ಕೊರೆದ ಜಾಗಕ್ಕೂ ಕೈ ಇಡುತ್ತಾನೆ. ಅಲ್ಲಿಗೆ ಮುಗೀತು. ಹೆಸರು ಬದಲಾಯಿಸುವಾಗ ಆ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಕೊಡಬೇಕು. ಅಕ್ಷರ ಮಸುಕಾದರೆ ಆರ್‌ಟಿಒದಲ್ಲಿ ಒಪ್ಪಲ್ಲ, ಒಪ್ಪಬಾರದು ಕೂಡ. ಹಾಗಾಗಿ ಆ ಜಾಗವನ್ನ ಸೀಮೆಎಣ್ಣೆ ಬಟ್ಟೆಯಲ್ಲಿ ಮೆತ್ತಗೆ ಒರೆಸಿ, ಸಾಕು.

ನಮ್ಮ ಗಾಡಿಯ ಎಡಬಾಗಿಲ ಮೇಲೆ ತೋಟದ ಹೆಸರು ಕೈಯಲ್ಲಿ ಬರೆದದ್ದು ಇನ್ನೂ ಅರ್ಧ ಉಳಿದಿದೆ. ಅಜ್ಜನ ಕಾಲದ ಪೇಂಟರ್ ಬರೆದದ್ದು. ಭಾವನ ಪ್ಲಾನ್ ಪ್ರಕಾರ ಹೋಗಿದ್ದರೆ ಅದರ ಮೇಲೆ ಫೆರಾರಿ ಕೆಂಪು ಬಳಿದಿರುತ್ತಿದ್ದರು.

ಎಂಜಿನ್ ವಿಷಯ. ಈ ಗಾಡಿಗಳು ಬರುವಾಗ ಇದ್ದದ್ದು ಹರಿಕೇನ್ ಅನ್ನುವ 2.2 ಲೀಟರಿನ ಪೆಟ್ರೋಲ್ ಎಂಜಿನ್. ಒಳಗೆ ಎಳೆದುಕೊಳ್ಳುವ ವಾಲ್ವ್ ಮೇಲೆ ಹೆಡ್‌ನಲ್ಲಿ, ಹೊಗೆ ಬಿಡುವ ವಾಲ್ವ್ ಕೆಳಗೆ ಬ್ಲಾಕ್‌ನಲ್ಲಿ, ವಿಚಿತ್ರ ಜೋಡಣೆ. ಪೆಟ್ರೋಲ್ ರೇಟು ಏರಿದ ಮೇಲೆ ಎಷ್ಟೋ ಜನ ಅದನ್ನ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿಕೊಂಡರು. ನಮ್ಮ ಅಜ್ಜನೂ ಹಾಗೇ. ಇಳಿಸಿದ ಪೆಟ್ರೋಲ್ ಎಂಜಿನ್ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮನೆಯ ಮೂಲೆಯಲ್ಲಿ ಗೋಣಿಚೀಲದ ಅಡಿ ಇವತ್ತಿಗೂ ಬಿದ್ದಿದೆ. ಗುಜರಿಯವನು ಬಂದಾಗಲೆಲ್ಲ ಅದಕ್ಕೆ ಕೆಜಿ ಲೆಕ್ಕದಲ್ಲಿ ರೇಟು ಕೇಳುತ್ತಾನೆ. ನಿಮ್ಮಲ್ಲೂ ಅಂಥದ್ದು ಇದ್ದರೆ ದಯವಿಟ್ಟು ಕೊಡಬೇಡಿ. ಆರ್‌ಸಿಯಲ್ಲಿ ಇರೋ ಎಂಜಿನ್ ನಂಬರ್ ಅದರ ಮೇಲಿದ್ದರೆ ಗಾಡಿಯ ಬೆಲೆಯಲ್ಲಿ ಒಳ್ಳೆ ಪಾಲು ಆ ಗೋಣಿಯ ಕೆಳಗೇ ಇದೆ. ಹಾಗೇ ಕಿಟಕಿ ಹಿಡಿ, ಮೀಟರ್, ಹೆಡ್‌ಲೈಟ್ ರಿಂಗ್, ಬಾಗಿಲ ಲಾಕು, ಬಿಚ್ಚಿಟ್ಟದ್ದು ಎಲ್ಲವನ್ನೂ ಹುಡುಕಿ ಒಂದು ಚೀಲಕ್ಕೆ ಹಾಕಿ. ಎಂಜಿನ್ ಸಾಮಾನು ಜೀಪಿನದ್ದೇ, ಹುಡುಕಿದರೆ ಸಿಗುತ್ತೆ. ಈ ಕ್ಯಾಬಿನ್ನಿನ ತಗಡು, ಬಾಗಿಲು ಎಲ್ಲಿಂದ ತರ್ತೀರಿ?

ಮತ್ತೆ, ವರ್ಷಗಟ್ಟಲೆ ನಿಂತ ಎಂಜಿನನ್ನ ಗಿರಾಕಿ ಮುಂದೆ ಸ್ಟಾರ್ಟ್ ಮಾಡಿ ತೋರಿಸಬೇಕು ಅಂತ ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಸಬೇಡಿ. ಜಾಮ್ ಆಗಿದ್ದರೆ ಒಳಗೆ ಪಿಸ್ಟನ್ನಿನ ರಿಂಗ್ ಮುರಿಯುತ್ತೆ. "ತಿರುಗುತ್ತಿಲ್ಲ, ಹೀಗೇ ಇದೆ" ಅಂತ ಹೇಳಿ. ಕೊಳ್ಳೋನು ಸಿಲಿಂಡರಿಗೆ ಎಣ್ಣೆ ಬಿಟ್ಟು, ನೆನೆಯೋಕೆ ಬಿಟ್ಟು, ಕೈಯಲ್ಲೇ ನಿಧಾನ ತಿರುಗಿಸಿಕೊಳ್ಳುತ್ತಾನೆ.

ಈಗ ಕಾಗದ ಪತ್ರ. ನನ್ನ ಅಭಿಪ್ರಾಯದಲ್ಲಿ ಬಣ್ಣಕ್ಕೆ ಇಟ್ಟ ದುಡ್ಡನ್ನ ಇಲ್ಲಿ ಖರ್ಚು ಮಾಡಿ. ಹದಿನೈದು ವರ್ಷ ದಾಟಿದ ಗಾಡಿ ಗುಜರಿಗೇ ಹೋಗಬೇಕು ಅಂತ ತುಂಬಾ ಜನ ನಂಬಿದ್ದಾರೆ. ವಯಸ್ಸು ನೋಡಿ ನಿಲ್ಲಿಸುವ ಆ ಕಟ್ಟುನಿಟ್ಟು ದೆಹಲಿ ಸುತ್ತಮುತ್ತಲಿನದು, ನಮ್ಮಲ್ಲಿ ಸ್ವಂತ ಗಾಡಿಯನ್ನ ತೋರಿಸಿ, ಫೀಸು ಕಟ್ಟಿ ನವೀಕರಿಸಿಕೊಳ್ಳಬಹುದು. 50 ವರ್ಷ ದಾಟಿದ ಗಾಡಿಗೆ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ನೋಂದಣಿ ಅಂತಲೇ ನಿಯಮ ತಂದಿದೆ. ಹೊಸದಾಗಿ ನೋಂದಾಯಿಸಲು ಫೀಸು 20,000 ರೂಪಾಯಿ, ನಂಬರಿನಲ್ಲಿ ವಿಎ ಅಂತ ಬರುತ್ತೆ, ದಿನದ ಓಡಾಟಕ್ಕೆ ಬಳಸುವ ಹಾಗಿಲ್ಲ. ಆದರೆ ಅದು ಸ್ವಂತ ಬಳಕೆಯ ಗಾಡಿಗೆ, ಅದೂ ಚಾಸಿ, ಬಾಡಿ, ಎಂಜಿನ್ ಮೂಲದ್ದೇ ಇದ್ದರೆ. ಆರ್‌ಸಿಯಲ್ಲಿ ಗೂಡ್ಸ್ ಅಂತಿರೋ ಪಿಕಪ್ಪನ್ನು "ವಿಂಟೇಜ್ ಮಾಡಿಸಬಹುದು ಸಾರ್" ಅಂತ ಹೇಳಿ ಮಾರೋದು ಮೋಸ. ಮೊದಲು ಆರ್‌ಸಿ ತೆಗೆದು ಓದಿ.

ನಮ್ಮದು ಮೈಸೂರು ರಾಜ್ಯ ಅನ್ನುತ್ತಿದ್ದ ಕಾಲದ ಎಂವೈ ನಂಬರು, ಆರ್‌ಸಿ ಇನ್ನೂ ಅಜ್ಜನ ಹೆಸರಲ್ಲೇ. ಅಜ್ಜ ತೀರಿಕೊಂಡಿದ್ದಾರೆ. ಹಾಗಾಗಿ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಮಕ್ಕಳೆಲ್ಲರ ಒಪ್ಪಿಗೆ, ಆಮೇಲೆ ವಾರಸುದಾರರ ಹೆಸರಿಗೆ ಮಾಡಿಸೋ ಫಾರಂ 31. ಅದು ಮುಗಿದ ಮೇಲೆಯೇ ಕೊಳ್ಳುವವರ ಹೆಸರಿಗೆ ಬದಲಾಯಿಸೋ ಫಾರಂ 29, 30. ಅಪ್ಪ, ಚಿಕ್ಕಪ್ಪ ಸಹಿ ಹಾಕಿದರು. ಅತ್ತೆ ಮಾತ್ರ "ಅಪ್ಪಯ್ಯನ ಗಾಡಿನ ಯಾರಿಗೆ ಕೊಡ್ತಿದ್ದೀರಾ ಅಂತ ನಾನು ನೋಡ್ಬೇಕು, ಆಮೇಲೆ ಸಹಿ" ಅಂತ ಕೂತಿದ್ದಾರೆ.

ಅತ್ತೆ ಹೇಳೋದರಲ್ಲಿ ನ್ಯಾಯ ಇದೆ. ಯಾಕಂದ್ರೆ ಫೋಟೋ ಹಾಕಿದ ಮೇಲೆ ಬಂದ ಫೋನ್‌ಗಳು ಹಾಗಿವೆ. "ಅಣ್ಣಾ, ಗಾಡಿ ಬೇಡ, ಆರ್‌ಸಿ ಮಾತ್ರ ಕೊಡಿ, ಕ್ಯಾಶ್ ತಗೊಳ್ಳಿ" ಅನ್ನೋರು ಒಬ್ಬಿಬ್ಬರಲ್ಲ. ಏನು ಮಾಡ್ತಾರೆ ಗೊತ್ತಾ? ಎಲ್ಲೋ ಕಟ್ಟಿದ, ಕಾಗದ ಇಲ್ಲದ ಇನ್ನೊಂದು ಗಾಡಿಗೆ ನಿಮ್ಮ ಚಾಸಿ ನಂಬರ್ ಹೊಡೀತಾರೆ. ನಿಮ್ಮ ಅಜ್ಜನ ಹೆಸರಲ್ಲಿ ಒಂದು ಗಾಡಿ ಯಾವುದೋ ಊರಲ್ಲಿ ಓಡಾಡುತ್ತೆ. ಅದು ಯಾರಿಗಾದರೂ ಗುದ್ದಿದರೆ ಮನೆಗೆ ಬರೋದು ನೋಟಿಸು. ಮಾರಿದ್ದೀನಿ ಅಂತ ಛಾಪಾ ಕಾಗದ ತೋರಿಸಿದರೂ ಸಾಲದು, ದಾಖಲೆಯಲ್ಲಿ ಹೆಸರು ಇರುವವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಡೀ ಗಾಡಿ ತಗೊಂಡರೂ ಅಷ್ಟೇ, ಹೆಸರು ಬದಲಾಗದೆ ಬಿಡಬೇಡಿ. ಇನ್ನು "ನಾನು ಆರ್ಮಿಯಲ್ಲಿದ್ದೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ಅಡ್ವಾನ್ಸ್ ನಿಮಗೆ ಬರುತ್ತೆ" ಅನ್ನೋರ ಫೋನ್ ಕಟ್ ಮಾಡಿ, ದುಡ್ಡು ಬರೋಕೆ ಯಾವ ಪಿನ್ನೂ ಒತ್ತಬೇಕಾಗಿಲ್ಲ.

ರೇಟಿನ ಬಗ್ಗೆ ಒಂದು ಮಾತು. ಯೂಟ್ಯೂಬಲ್ಲಿ ಫಳಫಳ ಹೊಳೆಯುವ ಗಾಡಿ ನೋಡಿ ನಮ್ಮದಕ್ಕೂ ಅಷ್ಟೇ ಅನ್ನಬೇಡಿ. ಆ ಗಾಡಿಯ ಹಿಂದೆ ತಗಡು ಬಡಿಯುವ ಹಳೇ ಮೇಸ್ತ್ರಿಯ ತಿಂಗಳುಗಟ್ಟಲೆ ಕೂಲಿ ಇದೆ, ಬೆಂಗಳೂರಿನ ಜೆಸಿ ರೋಡು, ಶಿವಾಜಿನಗರದ ಗುಜರಿ ಅಂತ ಸುತ್ತಿದ ಪೆಟ್ರೋಲ್ ಖರ್ಚಿದೆ. ಅದನ್ನೆಲ್ಲ ಕಳೆದು ಉಳಿದದ್ದು ನಿಮ್ಮ ರೇಟು. ಅಜ್ಜನ ನೆನಪಿಗೆ ಕೊಳ್ಳೋನು ದುಡ್ಡು ಕೊಡಲ್ಲ, ಕೊಡಬೇಕಾಗಿಯೂ ಇಲ್ಲ.

ಸದ್ಯಕ್ಕೆ ಇಬ್ಬರು ಉಳಿದಿದ್ದಾರೆ. ಒಬ್ಬರದು ರೆಸಾರ್ಟ್. ಗೇಟ್ ಹತ್ತಿರ ನಿಲ್ಲಿಸಿ, ತೊಟ್ಟಿಗೆ ಮಣ್ಣು ತುಂಬಿ ಹೂ ಗಿಡ ನೆಡ್ತಾರಂತೆ, ಸೆಲ್ಫಿಗೆ. ರೇಟು ಜಾಸ್ತಿ ಹೇಳಿದ್ದಾರೆ. ಇನ್ನೊಬ್ಬರು ಹಾಸನದವರು. ಬಂದವರೇ ಗೋಣಿ ಹಾಸಿ ಗಾಡಿ ಕೆಳಗೆ ಮಲಗಿ, ಸಣ್ಣ ಸುತ್ತಿಗೆಯಲ್ಲಿ ಚಾಸಿ ಉದ್ದಕ್ಕೂ ಟಕ್ ಟಕ್ ಬಡಿದು ಕೇಳಿಸಿಕೊಂಡರು, ಒಂದು ಕಡೆ ಸದ್ದು ಮಂದವಾಯಿತು, ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಎದ್ದು ಕೈ ಒರೆಸಿಕೊಳ್ಳುತ್ತಾ ಕೇಳಿದ ಮೊದಲ ಪ್ರಶ್ನೆ, "ಪೆಟ್ರೋಲ್ ಎಂಜಿನ್ ಇಟ್ಟಿದ್ದೀರಾ ಸಾರ್?" ಪಲ್ಪರ್ ಮನೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಅವರ ರೇಟು ರೆಸಾರ್ಟಿನವರಿಗಿಂತ ಸಾಕಷ್ಟು ಕಮ್ಮಿ. ಅವರಿಗೇ ಕೊಡೋಣ ಅಂತ ನನ್ನ ಮನಸ್ಸು, ಭಾವ ಎರಡು ದಿನದಿಂದ ಮಾತು ಬಿಟ್ಟಿದ್ದಾರೆ. ಭಾನುವಾರ ಹಾಸನದವರು ಮತ್ತೆ ಬರ್ತಾರೆ. ಅತ್ತೆಗೂ ಬರೋಕೆ ಹೇಳಿದ್ದೀನಿ.